ಕೇಳಿ ಕಟ್ಟುವುದೋ, ಕಟ್ಟಿ ಕೇಳುವುದೋ?

ಮಾಡಿದ ಮೇಲೆ ಮರುಗುವುದು ಮನುಷ್ಯನಿಗೆ ಸುಲಭ; ಮಾಡುವ ಮುನ್ನ ವಿಚಾರಿಸುವುದು ಕಷ್ಟ. ಮರುಕಕ್ಕೆ ಎರಡು ಹನಿ ಕಣ್ಣೀರು ಸಾಕು. ವಿಚಾರಣೆಗೆ ತಾಳ್ಮೆ ಬೇಕು, ತಿಳಿವು ಬೇಕು, ಎಲ್ಲಕ್ಕೂ ಮಿಗಿಲಾಗಿ ತನ್ನ ಇಷ್ಟಕ್ಕೆ ವಿರುದ್ಧವಾದ ಉತ್ತರ ಬಂದರೂ ಅದನ್ನು ಸ್ವೀಕರಿಸುವ ಎದೆಗಾರಿಕೆ ಬೇಕು. ಬಾವಿ ತೋಡುವ ಮುನ್ನ, ಮನೆಗೆ ತಳಪಾಯ ಹಾಕುವ ಮುನ್ನ, ಸಂಬಂಧ ಬೆಳೆಸುವ ಮುನ್ನ ನಾಲ್ವರು ಹಿರಿಯರನ್ನು ಕೇಳುವ ಪರಿಪಾಠ ನಮ್ಮಲ್ಲಿ ಬೆಳೆದುಬಂದುದು ಈ ಕಾರಣದಿಂದಲೇ. ಆ ನಾಲ್ವರು ಹೇಳುವ ಮಾತಿನಿಂದ ಎಷ್ಟು ಪ್ರಯೋಜನವೋ, ಕೇಳಹೋದವನ ಅಹಂಕಾರವು ಒಂದು ಗಳಿಗೆ ತಗ್ಗುವುದರಿಂದಲೂ ಅಷ್ಟೇ ಪ್ರಯೋಜನ.

ಇಂದು ಒಬ್ಬ ಗೃಹಸ್ಥನು ತೋಡುವ ಬಾವಿಗಿಂತ ಸಾವಿರಪಾಲು ದೊಡ್ಡ ಕೆಲಸಗಳನ್ನು ಸಮಾಜವು ಕೈಗೊಳ್ಳುತ್ತಿದೆ. ಅಣೆಕಟ್ಟು, ಹೆದ್ದಾರಿ, ರೈಲುಮಾರ್ಗ, ಗಣಿ, ವಿದ್ಯುತ್ತಿನ ತಂತಿಸಾಲು ಇವೆಲ್ಲವೂ ನಮಗೆ ಬೇಕಾದವುಗಳೇ. ಆದರೆ ಇಂತಹ ಕೆಲಸವೊಂದು ನಡೆಯಲಿರುವ ನೆಲದಲ್ಲಿ, ಲೋಕದಲ್ಲಿ ಬೇರೆಲ್ಲೂ ಕಾಣದ ಒಂದು ಜೀವಜಾತಿ ತನ್ನ ಕೊನೆಯ ನೆಲೆಯನ್ನು ಮಾಡಿಕೊಂಡಿರಬಹುದು. ಅದಿದೆಯೋ ಇಲ್ಲವೋ, ನಮ್ಮ ಕೆಲಸದಿಂದ ಅದು ಉಳಿದೀತೋ ಅಳಿದೀತೋ ಎಂದು ಮೊದಲು ವಿಚಾರಿಸುವುದು ನಮ್ಮ ಧರ್ಮವೇ? ಧರ್ಮವಾದರೆ ಆ ವಿಚಾರಣೆ ಎಂತಹುದಿರಬೇಕು? ವಾಚಕರಾದ ತಾವು ಈ ಪ್ರಶ್ನೆಯನ್ನು ನನ್ನೊಡನೆ ಕೊಂಚ ಹೊತ್ತು ತೂಗಿ ನೋಡಬೇಕೆಂದು ಕೋರುತ್ತೇನೆ.

ಮೊದಲು ಒಂದು ಭೇದವನ್ನು ಮನಗಾಣೋಣ. ಒಂದು ವರ್ಷದ ಬೆಳೆ ಹಾಳಾದರೆ ರೈತನು ದುಃಖಿಸುತ್ತಾನೆ. ಆದರೆ ಮುಂದಿನ ಮುಂಗಾರಿಗೆ ಮತ್ತೆ ಬಿತ್ತುತ್ತಾನೆ. ಬೀಜದ ಕಣಜಕ್ಕೇ ಬೆಂಕಿ ಬಿದ್ದರೆ ಬಿತ್ತುವುದೇನನ್ನು? ಒಂದು ಪ್ರಾಣಿಯ ಸಾವು ಬೆಳೆಯ ನಾಶದಂತೆ. ಒಂದು ಜಾತಿಯ ಅಳಿವು ಕಣಜದ ನಾಶದಂತೆ. ನಮ್ಮ ಹೆಚ್ಚಿನ ತಪ್ಪುಗಳಿಗೆ ಪ್ರಾಯಶ್ಚಿತ್ತವುಂಟು. ತೆಗೆದುಕೊಂಡ ಹಣವನ್ನು ಮರಳಿಸಬಹುದು, ಕಡಿದ ಮರದ ಜಾಗದಲ್ಲಿ ಸಸಿ ನೆಡಬಹುದು, ಆಡಿದ ಮಾತಿಗೆ ಕ್ಷಮೆ ಬೇಡಬಹುದು. ಅಳಿದ ಜಾತಿಗೆ ಪ್ರಾಯಶ್ಚಿತ್ತವಿಲ್ಲ. ಯಾವ ಕರ್ಮಕ್ಕೆ ಪ್ರಾಯಶ್ಚಿತ್ತವಿಲ್ಲವೋ ಆ ಕರ್ಮದ ವಿಚಾರಣೆ ಮೊದಲೇ ಆಗಬೇಕೆಂಬುದು ವಿವೇಕದ ಮೊದಲ ಪಾಠ.

ಈ ಪಾಠವನ್ನು ಒಂದು ದೇಶ ಶಾಸನವನ್ನಾಗಿ ಬರೆದುಕೊಂಡು, ಅದರಿಂದಲೇ ಇಕ್ಕಟ್ಟಿಗೆ ಸಿಲುಕಿದ ಕಥೆಯೊಂದುಂಟು. ಅಮೆರಿಕದ ಟೆನೆಸ್ಸೀ ಸಂಸ್ಥಾನದಲ್ಲಿ ಲಿಟ್ಲ್ ಟೆನೆಸ್ಸೀ ಎಂಬ ನದಿಗೆ ಟೆಲಿಕೋ ಎಂಬಲ್ಲಿ ಅಣೆಕಟ್ಟು ಕಟ್ಟುವ ಕೆಲಸವನ್ನು ಅಲ್ಲಿನ ಕಣಿವೆ ಪ್ರಾಧಿಕಾರವು 1967ರಲ್ಲಿ ಆರಂಭಿಸಿತು. 1973ರ ಆಗಸ್ಟಿನಲ್ಲಿ ಡೇವಿಡ್ ಎಟ್ನಿಯರ್ ಎಂಬ ಜೀವಶಾಸ್ತ್ರದ ಪ್ರಾಧ್ಯಾಪಕರು ಆ ನದಿಯ ಜಲ್ಲಿಗಲ್ಲಿನ ತಳದಲ್ಲಿ, ಪುಟ್ಟ ಬಸವನಹುಳುಗಳನ್ನು ತಿಂದು ಬದುಕುವ ಮೂರು ಅಂಗುಲದ ಮೀನೊಂದನ್ನು ಕಂಡರು. ಅದಕ್ಕೆ ಸ್ನೇಲ್ ಡಾರ್ಟರ್ ಎಂಬ ಹೆಸರಾಯಿತು. ಹರಿಯುವ ತಿಳಿನೀರೇ ಅದರ ಪ್ರಾಣ. ಅಣೆಕಟ್ಟಿನ ನಿಂತ ನೀರಿನಲ್ಲಿ ಅದು ಉಳಿಯದು. ಅದೇ ವರ್ಷದ ಡಿಸೆಂಬರಿನಲ್ಲಿ ಅಳಿವಿನಂಚಿನ ಜೀವಿಗಳ ರಕ್ಷಣೆಯ ಶಾಸನ ಜಾರಿಗೆ ಬಂದಿತು. ಸರಕಾರದ ಯಾವುದೇ ಅಂಗವು ತಾನು ಮಾಡುವ, ಹಣ ಕೊಡುವ ಅಥವಾ ಅನುಮತಿಸುವ ಕೆಲಸದಿಂದ ಅಂತಹ ಜೀವಿಯ ಅಸ್ತಿತ್ವಕ್ಕೆ ಕುತ್ತು ಬರುವುದಿಲ್ಲವೆಂದು, ಬಲ್ಲವರೊಡನೆ ಸಮಾಲೋಚಿಸಿ ಖಚಿತಪಡಿಸಿಕೊಳ್ಳಬೇಕೆಂಬುದು ಆ ಶಾಸನದ ಏಳನೆಯ ವಿಧಿ.

ಹಿರಾಮ್ ಹಿಲ್ ಎಂಬ ಕಾನೂನು ವಿದ್ಯಾರ್ಥಿಯೂ ಅವನೊಡನೆ ಕೆಲವರೂ ಈ ವಿಧಿಯನ್ನು ಹಿಡಿದು ನ್ಯಾಯಾಲಯಕ್ಕೆ ಹೋದರು. 1978ರ ಜೂನ್ 15ರಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಆರು ಜನ ನ್ಯಾಯಾಧೀಶರ ಬಹುಮತದಿಂದ ಮೀನಿನ ಪರವಾಗಿ ತೀರ್ಪಿತ್ತಿತು, ಮೂವರು ಒಪ್ಪಲಿಲ್ಲ. ಆ ವೇಳೆಗೆ ಅಣೆಕಟ್ಟು ಬಹುತೇಕ ಮುಗಿದಿತ್ತು. ಲೋಕವೆಲ್ಲ ನಕ್ಕಿತು: ಕೋಟಿಗಟ್ಟಲೆ ಹಣ ಸುರಿದ ಕಟ್ಟಡವನ್ನು ಮೂರು ಅಂಗುಲದ ಮೀನು ನಿಲ್ಲಿಸಬಹುದೇ ಎಂದು. ಕೂಡಲೇ ಶಾಸನವನ್ನು ತಿದ್ದಿ, ಅತ್ಯಗತ್ಯವಾದ ಕಾಮಗಾರಿಗೆ ವಿನಾಯಿತಿ ಕೊಡಬಲ್ಲ ಒಂದು ಉನ್ನತ ಸಮಿತಿಯನ್ನು ನೇಮಿಸಲಾಯಿತು. ಒಂದು ಜಾತಿಯ ಅಳಿವು ಉಳಿವನ್ನು ನಿರ್ಧರಿಸುವ ಅಧಿಕಾರವಿದ್ದುದರಿಂದ ಜನ ಅದನ್ನು ದೇವರ ಸಮಿತಿಯೆಂದು ಕರೆದರು. ಆ ಸಮಿತಿಯು 1979ರ ಜನವರಿಯಲ್ಲಿ ಲೆಕ್ಕಪತ್ರಗಳನ್ನು ತೆರೆದು ನೋಡಿದಾಗ ಬೇರೊಂದು ಸತ್ಯ ಹೊರಬಿತ್ತು. ಉಳಿದ ಅಲ್ಪ ಕೆಲಸವನ್ನು ಪೂರೈಸುವ ವೆಚ್ಚವೊಂದನ್ನೇ ಲೆಕ್ಕ ಹಿಡಿದರೂ ಯೋಜನೆಯಿಂದ ಲಾಭವಿಲ್ಲವೆಂದು ಕಂಡುಬಂದಿತು. ಸಮಿತಿಯು ಸರ್ವಾನುಮತದಿಂದ ವಿನಾಯಿತಿಯನ್ನು ನಿರಾಕರಿಸಿತು.

ಇಲ್ಲಿ ತಾವು ಒಂದು ಮಾತನ್ನು ಗಮನಿಸಬೇಕು. ಮೀನಿನ ಸಲುವಾಗಿ ವಿಚಾರಣೆ ನಡೆಯದಿದ್ದರೆ ಆ ಲೆಕ್ಕವನ್ನು ಅಷ್ಟು ನಿಷ್ಠುರವಾಗಿ ನೋಡುವ ಪ್ರಸಂಗವೇ ಬರುತ್ತಿರಲಿಲ್ಲ. ಆ ಯೋಜನೆಗಾಗಿ ಸುಮಾರು 38 ಸಾವಿರ ಎಕರೆ ಭೂಮಿಯನ್ನು ವಶಪಡಿಸಿಕೊಳ್ಳಲಾಗಿತ್ತು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಮನೆಮಾರು ತೊರೆಯಬೇಕಾಗಿತ್ತು. ಚೆರೋಕೀ ಜನಾಂಗದ ಪುರಾತನ ಊರುಗಳ ನೆಲೆಗಳೂ ಮುಳುಗಡೆಯ ಪ್ರದೇಶದಲ್ಲಿದ್ದವು. ಅವುಗಳಲ್ಲೊಂದಾದ ತನಾಸಿಯ ಹೆಸರಿನಿಂದಲೇ ಆ ಸಂಸ್ಥಾನಕ್ಕೆ ಟೆನೆಸ್ಸೀ ಎಂಬ ಹೆಸರು ಬಂದುದು. ಆ ರೈತರ ಗೋಳನ್ನು ಕೇಳದ ಕಿವಿ ಮೀನಿನ ಮಾತನ್ನೂ ಕೇಳಿರಲಿಲ್ಲ.

ಇನ್ನು ಪೂರ್ವಪಕ್ಷಗಳನ್ನು ಎತ್ತಿಕೊಳ್ಳೋಣ. ಮನುಷ್ಯನಿಗೇ ಅನ್ನ, ನೀರು, ಬೆಳಕು ಸಾಲದಿರುವಾಗ ಮೀನು ಮಂಗಗಳ ಚಿಂತೆಯೇಕೆ ಎಂಬುದು ಮೊದಲನೆಯದು. ಇದು ತಿರಸ್ಕರಿಸತಕ್ಕ ಮಾತಲ್ಲ. ಬೇಸಿಗೆಯಲ್ಲಿ ಎರಡು ಮೈಲಿ ನಡೆದು ಕೊಡ ನೀರು ತರುವ ತಾಯಿಗೆ, ಬೆಳೆ ಒಣಗುವುದನ್ನು ಕಣ್ಣಾರೆ ನೋಡುವ ರೈತನಿಗೆ ಜೀವಜಾತಿಯ ಕಥೆ ಹೇಳಿದರೆ ದಾಹ ತೀರೀತೇ? ಆದರೆ ಕೇಳುವುದೆಂದರೆ ತಡೆಯುವುದೆಂದಲ್ಲ. ಪ್ರಶ್ನೆಗೆ ಉತ್ತರ ಬಂದಾಗ, ಮಾರ್ಗವನ್ನು ತುಸು ಸರಿಸಿದರೆ ಸಾಕೆಂದೋ, ಮರಿ ಹಾಕುವ ಕಾಲದಲ್ಲಿ ಕೆಲಸ ನಿಲ್ಲಿಸಿದರೆ ಸಾಕೆಂದೋ, ಪ್ರಾಣಿ ದಾಟಲು ಒಂದು ದಾರಿ ಬಿಟ್ಟರೆ ಸಾಕೆಂದೋ ತಿಳಿಯಬಹುದು. ಪ್ರಶ್ನೆಯನ್ನೇ ಕೇಳದವನಿಗೆ ಈ ಮಧ್ಯಮಮಾರ್ಗಗಳಾವುವೂ ಕಾಣಿಸವು. ಅಲ್ಲದೆ, ಟೆಲಿಕೋ ತೋರಿಸಿದಂತೆ, ಮೂಕಜೀವಿಯನ್ನು ಕುರಿತು ಕೇಳುವ ಅಭ್ಯಾಸವಿಲ್ಲದ ಆಡಳಿತಕ್ಕೆ ಬಡವನನ್ನು ಕುರಿತು ಕೇಳುವ ಅಭ್ಯಾಸವೂ ಬೆಳೆಯುವುದಿಲ್ಲ. ಎರಡೂ ಒಂದೇ ಅಂತಃಕರಣದ ಕೆಲಸ.

ಎರಡನೆಯ ಪೂರ್ವಪಕ್ಷ ಇನ್ನೂ ಹರಿತವಾದುದು. ಟೆಲಿಕೋ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ 1979ರಲ್ಲಿ ಅಲ್ಲಿನ ಸಂಸತ್ತು ಹಣಕಾಸಿನ ಮಸೂದೆಯೊಂದರಲ್ಲಿ ಒಂದು ತುಣುಕನ್ನು ಸೇರಿಸಿ, ಈ ಅಣೆಕಟ್ಟಿಗೆ ಎಲ್ಲ ಶಾಸನಗಳಿಂದಲೂ ಬಿಡುಗಡೆ ಕೊಟ್ಟಿತು. ನವೆಂಬರಿನಲ್ಲಿ ಬಾಗಿಲುಗಳು ಮುಚ್ಚಿದವು, ನದಿ ನಿಂತಿತು. ಆದರೂ ಮೀನು ಅಳಿಯಲಿಲ್ಲ. ಕೆಲವನ್ನು ಮೊದಲೇ ಬೇರೆ ನದಿಗೆ ಸಾಗಿಸಲಾಗಿತ್ತು. 1980ರಿಂದೀಚೆಗೆ ಬೇರೆ ಹೊಳೆಗಳಲ್ಲಿಯೂ ಅದು ಕಂಡುಬಂದಿತು. 2022ರಲ್ಲಿ ಅದನ್ನು ಅಪಾಯದ ಪಟ್ಟಿಯಿಂದ ತೆಗೆಯಲಾಯಿತು. 2025ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಅದು ಪ್ರತ್ಯೇಕ ಜಾತಿಯೇ ಅಲ್ಲ, ಬೇರೆಡೆ ಇರುವ ಇನ್ನೊಂದು ಮೀನಿನ ಶಾಖೆ ಎಂದು ವಾದಿಸಿದೆ. ಹಾಗಾದರೆ ನಡೆದ ವಿಚಾರಣೆಯೆಲ್ಲ ವ್ಯರ್ಥವೇ?

ಇಲ್ಲಿ ನೀತಿಯ ಒಂದು ಸೂಕ್ಷ್ಮವಿದೆ. ಕರ್ತವ್ಯವನ್ನು ಅಳೆಯಬೇಕಾದುದು ಕೆಲಸದ ಕಾಲದಲ್ಲಿ ನಮಗಿದ್ದ ತಿಳಿವಿನಿಂದ. ಮುಂದೆಂದೋ ದೊರೆಯುವ ತಿಳಿವಿನಿಂದಲ್ಲ. ಕತ್ತಲಲ್ಲಿ ಬಂಡಿ ಹೊಡೆಯುವವನು ದಾರಿಯಲ್ಲಿ ಮಗು ಮಲಗಿದಂತೆ ಕಂಡರೆ ಇಳಿದು ನೋಡಬೇಕು. ನೋಡಿದಾಗ ಅದು ಬಟ್ಟೆಯ ಗಂಟಾಗಿದ್ದರೆ ಅವನು ಇಳಿದುದು ತಪ್ಪಾಯಿತೇ? ಇಳಿಯದೆ ಹೋದವನ ಗಾಲಿಗೆ ಗಂಟೇ ಸಿಕ್ಕಿದ್ದರೂ ಅವನು ನಿರ್ದೋಷಿಯಲ್ಲ, ದೈವವಶದಿಂದ ಪಾರಾದವನಷ್ಟೆ. ನದಿಯ ಬಾಗಿಲು ಮುಚ್ಚಿದವರಿಗೆ ಮೀನು ಬೇರೆಡೆ ಬಾಳುವುದೆಂಬ ಭರವಸೆ ಇರಲಿಲ್ಲ. ಮೀನು ಉಳಿದುದು ಮೀನಿನ ಪುಣ್ಯ. ಅವರ ವಿವೇಕದ ಫಲವಲ್ಲ.

ಟೆಲಿಕೋದ ನಿಜವಾದ ದುರಂತ ಕಾಲದ್ದು. ಅಲ್ಲಿ ಪ್ರಶ್ನೆ ಕೇಳಿದುದು ಕಾಂಕ್ರೀಟು ಗಟ್ಟಿಯಾದ ಮೇಲೆ. ಕೆಲಸ ಆರಂಭವಾಗಿ ಆರು ವರ್ಷಗಳ ನಂತರ ಮೀನು ಕಂಡಿತು. ನದಿಯಲ್ಲಿ ಏನೇನಿದೆಯೆಂದು 1967ಕ್ಕೆ ಮೊದಲೇ ಒಬ್ಬರು ಇಳಿದು ನೋಡಿದ್ದರೆ ಹಣವೂ ಉಳಿಯುತ್ತಿತ್ತು, ಹೊಲಗಳೂ ಉಳಿಯುತ್ತಿದ್ದವು, ಜಗಳವೂ ತಪ್ಪುತ್ತಿತ್ತು. ಜನ ಮೀನನ್ನು ನೋಡಿ ನಕ್ಕರು; ನಗಬೇಕಾದುದು ತಡವಾದ ವಿಚಾರಣೆಯನ್ನು ನೋಡಿ.

ಇನ್ನು ನಮ್ಮ ನೆರೆಯ ನಾಡಿಗೆ ಬರೋಣ. ಕೇರಳದ ಪಾಲಕ್ಕಾಡು ಜಿಲ್ಲೆಯ ಸೈಲೆಂಟ್ ವ್ಯಾಲಿಯಲ್ಲಿ ಕುಂತಿಪ್ಪುಳ ನದಿಗೆ ಅಡ್ಡಲಾಗಿ ಜಲವಿದ್ಯುತ್ ಯೋಜನೆಯೊಂದಕ್ಕೆ 1973ರಲ್ಲಿ ಯೋಜನಾ ಆಯೋಗದ ಒಪ್ಪಿಗೆ ದೊರೆಯಿತು. ಮೊದಲ ಹಂತದಲ್ಲಿ 120 ಮೆಗಾವಾಟ್ ವಿದ್ಯುತ್ತು ದೊರೆಯುವುದಿತ್ತು. ಮುಳುಗುವ ಕಾಡು ಸುಮಾರು 8 ಚದರ ಕಿಲೋಮೀಟರು. ಪಶ್ಚಿಮ ಘಟ್ಟವನ್ನು ಬಿಟ್ಟು ಲೋಕದಲ್ಲಿ ಬೇರೆಲ್ಲೂ ಇಲ್ಲದ ಸಿಂಗಳೀಕಗಳು ಆ ಕಾಡಿನಲ್ಲಿದ್ದವು. ಮುಖದ ಸುತ್ತ ಬೂದುಬಣ್ಣದ ಕೇಸರ, ಸಿಂಹದಂತೆ ತುದಿಯಲ್ಲಿ ಕುಚ್ಚುಳ್ಳ ಬಾಲದ ಈ ಕಪ್ಪು ಕೋತಿ ಮರದ ಮೇಲೆಯೇ ಬಾಳುವ ಪ್ರಾಣಿ, ನೆಲಕ್ಕಿಳಿಯುವುದು ಅಪರೂಪ. ಕೊಂಬೆಗೆ ಕೊಂಬೆ ತಾಗಿದ ಕಾಡೇ ಅದರ ಹಾದಿ. ಕಾಡಿನ ನಡುವೆ ಬಯಲೊಂದು ಬಿದ್ದರೆ ಆ ಹಾದಿ ಕಡಿದುಹೋದಂತೆ. ಆದುದರಿಂದ ಮುಳುಗುವ ಪಾಲು ಚಿಕ್ಕದೆಂಬ ವಾದವು ನಕಾಶೆಯಲ್ಲಿ ಸರಿ, ಸಿಂಗಳೀಕದ ಬದುಕಿನಲ್ಲಿ ಸರಿಯಲ್ಲ. ಎಕರೆಗಳನ್ನು ಎಣಿಸುವುದು ಒಂದು ವಿದ್ಯೆ, ಪ್ರಾಣಿಯ ನಡೆಯನ್ನು ಅರಿಯುವುದು ಇನ್ನೊಂದು ವಿದ್ಯೆ. ವಿಚಾರಣೆಗೆ ಎರಡೂ ಬೇಕು.

1976ರಲ್ಲಿ ಜಫರ್ ಫತೇಹಲ್ಲಿಯವರ ನೇತೃತ್ವದ ಕಾರ್ಯಪಡೆಯೊಂದು ಈ ಯೋಜನೆಯನ್ನು ಪರಿಶೀಲಿಸಿ, ಇದನ್ನು ಕೈಬಿಡುವುದೇ ಲೇಸೆಂದು ಹೇಳಿತು. ಜೊತೆಗೆ, ಅನಿವಾರ್ಯವೆಂದಾದರೆ ಪಾಲಿಸಬೇಕಾದ ಕೆಲವು ರಕ್ಷಣಾಕ್ರಮಗಳನ್ನೂ ಪಟ್ಟಿ ಮಾಡಿತು. ಮುಂದೆ ನಡೆದುದೇನು? ಬೇಡವೆಂಬ ಮುಖ್ಯ ಮಾತು ಹಿಂದೆ ಸರಿಯಿತು. ರಕ್ಷಣಾಕ್ರಮಗಳ ಪಟ್ಟಿ ಮುಂದೆ ಬಂದಿತು. ಅವುಗಳನ್ನು ಪಾಲಿಸುತ್ತೇವೆ, ಆದುದರಿಂದ ಕಟ್ಟುತ್ತೇವೆ ಎಂಬ ವಾದ ಹುಟ್ಟಿತು. ವೈದ್ಯನು ಈ ಊಟ ಬೇಡ, ಉಣ್ಣಲೇಬೇಕಾದರೆ ಮಜ್ಜಿಗೆ ಕುಡಿಯಿರಿ ಎಂದರೆ, ಮಜ್ಜಿಗೆ ಕುಡಿದೆನಲ್ಲ, ಊಟಕ್ಕೆ ವೈದ್ಯರ ಅಪ್ಪಣೆಯಿದೆ ಎಂದು ರೋಗಿ ಹೇಳಿದಂತೆ! ಷರತ್ತುಗಳ ಪಟ್ಟಿಯು ಆತ್ಮವಂಚನೆಗೆ ಎಷ್ಟು ಅನುಕೂಲವಾದ ಸಾಧನವೆಂಬುದನ್ನು ಈ ಪ್ರಸಂಗ ತೋರಿಸುತ್ತದೆ.

ಆಗ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು, ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದ ಎಂ. ಕೆ. ಪ್ರಸಾದರಂತಹವರು, ಕವಯಿತ್ರಿ ಸುಗತಕುಮಾರಿಯವರು ಜನರ ಮುಂದೆ ಈ ಪ್ರಶ್ನೆಯನ್ನಿಟ್ಟರು. ಪರಿಷತ್ತಿನವರು ಕೋತಿಯ ಮಾತನ್ನಷ್ಟೇ ಆಡಿ ಸುಮ್ಮನಾಗಲಿಲ್ಲ. ಮಲಬಾರಿನ ಜನರಿಗೆ ವಿದ್ಯುತ್ತು ಬೇಕೆಂಬುದನ್ನು ಒಪ್ಪಿಕೊಂಡು, ಅದನ್ನು ಬೇರೆ ಬಗೆಯಿಂದ ಒದಗಿಸಬಹುದೇ ಎಂದು ಲೆಕ್ಕ ಹಾಕಿದರು. ಎಂ. ಜಿ. ಕೆ. ಮೆನನ್ ಅವರ ಅಧ್ಯಕ್ಷತೆಯ ಸಮಿತಿ ಮತ್ತೊಮ್ಮೆ ಪರಿಶೀಲಿಸಿದ ಬಳಿಕ 1983ರಲ್ಲಿ ಯೋಜನೆಯನ್ನು ಕೈಬಿಡಲಾಯಿತು; 1984ರಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಕೇರಳವು ಅದರಿಂದ ಕತ್ತಲಲ್ಲಿ ಮುಳುಗಲಿಲ್ಲ. ಸಿಂಗಳೀಕಗಳು ಇಂದಿಗೂ ಅಲ್ಲಿವೆ. ನಮ್ಮ ಶಿರಸಿ ಹೊನ್ನಾವರ ಸೀಮೆಯ ಕಾಡುಗಳಲ್ಲಿಯೂ ಇವೆ. ಅಲ್ಲಿ ಅವುಗಳಿಗಾಗಿ 2011ರಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು.

ಹೀಗೆ ಎರಡು ನಿದರ್ಶನಗಳನ್ನು ನೋಡಿದ ಮೇಲೆ ಸತ್ಯವಾದ ವಿಚಾರಣೆಯ ಲಕ್ಷಣಗಳನ್ನು ಹೇಳಬಹುದು. ಒಂದು, ಅದು ಸಂಕಲ್ಪಕ್ಕೆ ಮೊದಲು ನಡೆಯಬೇಕು. ಎರಡು, ಅದನ್ನು ನಡೆಸುವವನಿಗೆ ಉತ್ತರದಿಂದ ಲಾಭವಾಗಲಿ ನಷ್ಟವಾಗಲಿ ಇರಕೂಡದು. ಮೂರು, ಬೇಡವೆಂಬ ಉತ್ತರಕ್ಕೆ ಅಲ್ಲಿ ನಿಜವಾದ ಅವಕಾಶವಿರಬೇಕು. ಯಾವ ಪರೀಕ್ಷೆಯಲ್ಲಿ ಯಾರೂ ಎಂದಿಗೂ ನಪಾಸಾಗುವುದಿಲ್ಲವೋ ಅದು ಪರೀಕ್ಷೆಯಲ್ಲ, ಶಾಸ್ತ್ರಕ್ಕೆ ಮಾಡಿದ ಆಚಾರ.

ಈ ಒರೆಗಲ್ಲಿಗೆ ನಮ್ಮ ದೇಶದ ಪದ್ಧತಿಯನ್ನು ಉಜ್ಜಿ ನೋಡೋಣ. ಪರಿಸರದ ಮೇಲಾಗುವ ಪರಿಣಾಮವನ್ನು ಮೊದಲೇ ಅಧ್ಯಯನ ಮಾಡಬೇಕೆಂಬ ಅಧಿಸೂಚನೆ ನಮ್ಮಲ್ಲಿ 1994ರಲ್ಲಿ ಹೊರಟಿತು. 2006ರಲ್ಲಿ ಅದನ್ನು ಹೊಸದಾಗಿ ರಚಿಸಲಾಯಿತು. ಇದು ಸ್ತುತ್ಯವಾದುದು. ಆದರೆ ಅಧ್ಯಯನದ ವರದಿಯನ್ನು ಬರೆಯುವ ಸಲಹೆಗಾರರನ್ನು ಗೊತ್ತುಮಾಡಿ ಹಣ ಕೊಡುವವರು ಯೋಜನೆಯನ್ನು ಕೈಗೊಳ್ಳುವವರೇ. ಅನ್ನವಿಕ್ಕುವವನ ಅಡುಗೆ ಕೆಟ್ಟಿದೆಯೆಂದು ಪಂಕ್ತಿಯಲ್ಲಿ ಕುಳಿತು ಹೇಳಬಲ್ಲವರು ಎಷ್ಟು ಮಂದಿ? ಪ್ರಾಮಾಣಿಕರಾದ ಸಲಹೆಗಾರರು ಇರುವುದು ನಿಜ. ಆದರೆ ಪ್ರಾಮಾಣಿಕತೆಯನ್ನು ಇಷ್ಟು ಕಠಿಣವಾಗಿ ಪರೀಕ್ಷಿಸುವ ಏರ್ಪಾಡು ನ್ಯಾಯವಾದುದಲ್ಲ. ಇನ್ನು ಹಲವು ಬಗೆಯ ಯೋಜನೆಗಳಿಗೆ ಮಳೆಗಾಲವನ್ನು ಬಿಟ್ಟು ಒಂದೇ ಋತುವಿನ ಮಾಹಿತಿ ಸಾಕೆಂಬ ರೂಢಿಯಿದೆ. ಪಶ್ಚಿಮ ಘಟ್ಟದ ಕಪ್ಪೆಗಳಲ್ಲಿ ಹೆಚ್ಚಿನವು ಕೂಗುವುದು, ಮೊಟ್ಟೆಯಿಡುವುದು ಮಳೆಗಾಲದಲ್ಲಿ. ಬೇಸಿಗೆಯಲ್ಲಿ ಹೋಗಿ ನೋಡಿ ಕಪ್ಪೆಗಳಿಲ್ಲವೆಂದು ಬರೆದರೆ ಆ ವಾಕ್ಯದಲ್ಲಿ ಸುಳ್ಳಿಲ್ಲ, ಸತ್ಯವೂ ಇಲ್ಲ. ಕಾಣಲಿಲ್ಲವೆಂಬುದಕ್ಕೂ ಇಲ್ಲವೆಂಬುದಕ್ಕೂ ಇರುವ ಅಂತರವನ್ನು ಕಾಯ್ದುಕೊಳ್ಳುವುದೇ ವಿಚಾರಕನ ಶೀಲ.

ಒಳ್ಳೆಯ ಉದ್ದೇಶದ ಕೆಲಸಕ್ಕೆ ಈ ವಿಚಾರಣೆ ಬೇಕಿಲ್ಲವೆಂದು ಕೆಲವರು ತಿಳಿಯುತ್ತಾರೆ. ಅದೂ ಸರಿಯಲ್ಲ. ಸೂರ್ಯನ ಬೆಳಕಿನಿಂದ ವಿದ್ಯುತ್ತನ್ನು ಪಡೆಯುವುದಕ್ಕಿಂತ ನಿರ್ಮಲವಾದ ಕೆಲಸ ಯಾವುದಿದ್ದೀತು? 2006ರ ಅಧಿಸೂಚನೆಯ ಪಟ್ಟಿಯಲ್ಲಿ ಸೌರವಿದ್ಯುತ್ ಸ್ಥಾವರಗಳನ್ನು ಸೇರಿಸಿರಲಿಲ್ಲ. ಆದರೆ ರಾಜಸ್ಥಾನ ಗುಜರಾತುಗಳ ಬಯಲುಗಳಲ್ಲಿ ಆ ವಿದ್ಯುತ್ತನ್ನು ಸಾಗಿಸುವ ತಂತಿಗಳಿಗೆ ಬಡಿದು ಸಾಯುತ್ತಿರುವುದು, ನಮ್ಮ ಬಯಲುಸೀಮೆಯವರು ಎರೆಭೂತವೆಂದು ಕರೆಯುವ ಮಹಾಪಕ್ಷಿ. ಭಾರವಾದ ಶರೀರ, ಪಕ್ಕಕ್ಕಿರುವ ಕಣ್ಣುಗಳು. ಎದುರಿನ ತಂತಿ ಕಂಡು ಅದು ತಿರುಗುವ ಮುನ್ನವೇ ಬಡಿಯುತ್ತದೆ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೊಟ್ಟೆಯಿಡುವ ಹಕ್ಕಿಗೆ ಈ ನಷ್ಟವನ್ನು ತುಂಬಿಕೊಳ್ಳುವ ಬಲವಿಲ್ಲ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿರುವ ಹಕ್ಕಿಯೂ ಇದೇ. ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ತಂತಿಗಳನ್ನು ನೆಲದೊಳಗೆ ಹಾಯಿಸಬೇಕೆಂದು ಆಜ್ಞಾಪಿಸಿತು. 2024ರಲ್ಲಿ ಆ ಆಜ್ಞೆಯನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ತಂತಿ ಎಳೆಯುವ ಮೊದಲೇ ಹಕ್ಕಿಯ ಹಾದಿಯನ್ನು ವಿಚಾರಿಸಿದ್ದರೆ ಸೂರ್ಯನಿಗೂ ಹಕ್ಕಿಗೂ ವ್ಯಾಜ್ಯ ಹೂಡುವ ಪ್ರಸಂಗ ಬಹುಮಟ್ಟಿಗೆ ತಪ್ಪುತ್ತಿತ್ತು.

ಎಲ್ಲ ವಿಚಾರಣೆಯ ಕೊನೆಗೂ ಒಂದು ಕಠಿಣ ಸನ್ನಿವೇಶ ಉಳಿಯಬಹುದು. ಜನರ ಅಗತ್ಯ ನಿಜ, ಬೇರೆ ದಾರಿಯಿಲ್ಲ, ಜೀವಿಯ ಅಳಿವೂ ನಿಶ್ಚಿತ. ಆಗೇನು ಮಾಡಬೇಕು? ಇದಕ್ಕೆ ಸಿದ್ಧವಾದ ಸೂತ್ರವನ್ನು ಕೊಡುವ ಧಾರ್ಷ್ಟ್ಯ ನನಗಿಲ್ಲ. ಆದರೆ ಇಷ್ಟನ್ನು ಹೇಳಬಲ್ಲೆ: ಅಂತಹ ನಿರ್ಧಾರವನ್ನು ಹಗಲು ಬೆಳಕಿನಲ್ಲಿ, ಕಾರಣಗಳನ್ನು ಬರೆದಿಟ್ಟು, ಹೆಸರು ಹೇಳಿ ಹೊಣೆಹೊತ್ತು ಮಾಡಬೇಕು. ಟೆಲಿಕೋದಲ್ಲಿ ಹಣಕಾಸಿನ ಮಸೂದೆಯ ಮಡಿಲಲ್ಲಿ ಅಡಗಿಸಿ ಮಾಡಿದಂತೆ ಮಾಡಕೂಡದು. ತಿಳಿದು ಹೊತ್ತ ಭಾರ ಮನುಷ್ಯನನ್ನು ವಿನೀತನನ್ನಾಗಿ ಮಾಡುತ್ತದೆ. ತಿಳಿಯದಂತೆ ನಟಿಸಿ ಇಳಿಸಿಕೊಂಡ ಭಾರ ಅವನನ್ನು ಒರಟನನ್ನಾಗಿ ಮಾಡುತ್ತದೆ.

ಈ ಮಾತುಗಳು ದೊಡ್ಡ ದೊಡ್ಡ ಅಧಿಕಾರಿಗಳಿಗೆ ಸಂಬಂಧಿಸಿದವು, ನಮಗೇಕೆ ಎನ್ನುವಿರಾ? ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವರಲ್ಲಿ ಎಷ್ಟೋ ಮಂದಿ ಇಂದು ಇಂಜಿನಿಯರರಾಗಿದ್ದಾರೆ, ಗುತ್ತಿಗೆದಾರರಾಗಿದ್ದಾರೆ, ಕಂದಾಯ ಹಾಗೂ ಅರಣ್ಯ ಇಲಾಖೆಗಳಲ್ಲಿದ್ದಾರೆ, ಗ್ರಾಮ ಪಂಚಾಯತಿಯ ಸದಸ್ಯರಾಗಿದ್ದಾರೆ. ಯೋಜನೆಯ ಕಡತ ತಮ್ಮ ಮೇಜಿನ ಮೇಲೆಯೇ ಬಂದು ನಿಲ್ಲುತ್ತದೆ. ಈ ಸ್ಥಳದಲ್ಲಿ ಯಾವ ಅಪರೂಪದ ಜೀವಿಯೂ ಇಲ್ಲವೆಂಬ ಸಾಲಿನ ಕೆಳಗೆ ಸಹಿ ಹಾಕುವ ಮುನ್ನ, ನೋಡಿದವರಾರು, ಯಾವ ತಿಂಗಳಲ್ಲಿ ನೋಡಿದರು, ಎಷ್ಟು ದಿನ ನೋಡಿದರು ಎಂಬ ಮೂರು ಪ್ರಶ್ನೆಗಳನ್ನು ಅಂಚಿನಲ್ಲಿ ಬರೆಯಲು ಎರಡು ನಿಮಿಷ ಸಾಕು. ಅಧಿಕಾರದಲ್ಲಿಲ್ಲದವರಿಗೂ ದಾರಿಯಿದೆ. 2006ರ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕಾದ ಯೋಜನೆಗಳಲ್ಲಿ ಕನಿಷ್ಠ 30 ದಿನ ಮೊದಲು ಪ್ರಕಟಣೆ ಕೊಡಬೇಕು, ವರದಿಯ ಸಾರಾಂಶ ನಾಡಭಾಷೆಯಲ್ಲಿ ದೊರೆಯಬೇಕು. ಆ ಸಾರಾಂಶವನ್ನು ಓದಿ, ಸಭೆಗೆ ಹೋಗಿ, ತಮ್ಮೂರ ಹಳ್ಳದಲ್ಲಿ, ಗುಡ್ಡದಲ್ಲಿ, ಹುಲ್ಲುಗಾವಲಿನಲ್ಲಿ ತಾವು ಕಂಡುದನ್ನು ಹೇಳಬಹುದು. ಕುರಿ ಕಾಯುವವನಿಗೆ, ಮೀನು ಹಿಡಿಯುವವನಿಗೆ ತಿಳಿದಿರುವುದು ಎಷ್ಟೋ ವೇಳೆ ವರದಿ ಬರೆದವನಿಗೆ ತಿಳಿದಿರುವುದಿಲ್ಲ. ಅವರನ್ನು ಕರೆದುಕೊಂಡು ಹೋಗಿ ಮಾತನಾಡಿಸುವುದೂ ಒಂದು ಸೇವೆಯೇ.

ಸಿಂಗಳೀಕವು ಅರ್ಜಿ ಬರೆಯದು, ಎರೆಭೂತವು ಸಭೆಗೆ ಬಾರದು, ಮೀನಿಗೆ ಸಾಕ್ಷಿ ನುಡಿಯಲು ಬಾಯಿಲ್ಲ. ಅವುಗಳ ಪರವಾಗಿ ನಾವು ಕೇಳಬಹುದಾದ ಪ್ರಶ್ನೆಯೊಂದೇ ಅವುಗಳಿಗಿರುವ ರಕ್ಷೆ. ಆ ಪ್ರಶ್ನೆಯನ್ನು ಸಕಾಲದಲ್ಲಿ, ನಿರ್ಲೋಭದಿಂದ, ಉತ್ತರಕ್ಕೆ ಅಂಜದೆ ಕೇಳೋಣ. ಮುಂದಿನ ಬಾರಿ ತಮ್ಮ ಸೀಮೆಯಲ್ಲಿ ಭೂಮಿಪೂಜೆಯ ಆಮಂತ್ರಣ ಬಂದಾಗ, ಗುದ್ದಲಿ ನೆಲಕ್ಕೆ ತಾಗುವ ಮುನ್ನ ಆ ನೆಲದಲ್ಲಿ ಯಾರು ವಾಸವಾಗಿದ್ದಾರೆಂದು ವಿಚಾರಿಸಿದ್ದುಂಟೇ ಎಂದು ತಾವು ಕೇಳಿ ನೋಡಬೇಕು.